ಅರ್ಧ ಸಂಸ್ಥೆ ಎದ್ದು ಹೋದ ಶುಕ್ರವಾರ

2020ರ ಜನವರಿ 31, ಶುಕ್ರವಾರ. ಆ ಸಂಜೆ ಬಿ.ಎಸ್.ಎನ್.ಎಲ್. ಸಂಸ್ಥೆಯ 78,569 ನೌಕರರು ಒಟ್ಟಿಗೆ ಸ್ವಯಂ ನಿವೃತ್ತಿ ಪಡೆದರು. ಆಗ ಸಂಸ್ಥೆಯಲ್ಲಿ ಇದ್ದವರೇ ಒಂದೂವರೆ ಲಕ್ಷ ಚಿಲ್ಲರೆ. ಅರ್ಧಕ್ಕಿಂತ ತುಸು ಹೆಚ್ಚೇ ಜನ ಒಂದೇ ದಿನ ಹೊರಗೆ ಬಂದ ಹಾಗಾಯಿತು. ದೆಹಲಿ, ಮುಂಬಯಿಯ ಎಂ.ಟಿ.ಎನ್.ಎಲ್.ನಿಂದ ಇನ್ನೂ 14,000ಕ್ಕೂ ಹೆಚ್ಚು ಮಂದಿ.

ಮಲೆನಾಡಿನ ಒಂದು ತಾಲ್ಲೂಕು ಎಕ್ಸ್‌ಚೇಂಜಿನಲ್ಲಿ ಅವತ್ತು ಶಾಲು ಹೊದಿಸಿಕೊಂಡವರಲ್ಲಿ ನನ್ನ ಸೋದರಮಾವನೂ ಒಬ್ಬರು. ಕೊರಳಲ್ಲಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ಬುಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟು, ಹೆಗಲ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದು ಮೇಜಿನ ಮೇಲಿಟ್ಟರು. ಟೆಸ್ಟ್ ಫೋನು, ಏಣಿ ಎಲ್ಲವನ್ನೂ ಕಚೇರಿಗೆ ಒಪ್ಪಿಸಿ ಬಂದಿದ್ದರು. ಪ್ಲೇಯರ್ ಮಾತ್ರ ಅವರ ಸ್ವಂತದ್ದು. ಹಿಡಿಯ ಪ್ಲಾಸ್ಟಿಕ್ ಸವೆದು, ಅದರ ಮೇಲೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದರು.

ಸ್ವಯಂ ನಿವೃತ್ತಿ ಯೋಜನೆಯ ಬಗ್ಗೆ ಆಗ ಬಂದ ಬರಹಗಳಲ್ಲಿ ಹೆಚ್ಚಿನವು ಕೋಟಿಗಳ ಲೆಕ್ಕ ಹೇಳಿದವು. ಅದು ಬೇಕಾದ ಲೆಕ್ಕವೇ, ನಾನೂ ಹೇಳುತ್ತೇನೆ. ಆದರೆ ಒಬ್ಬ ಟೆಲಿಕಾಂ ಟೆಕ್ನೀಷಿಯನ್‌ನ ಕಡೆಯಿಂದ ನೋಡಿದರೆ ಈ ಪ್ರಕರಣ ಬೇರೆಯೇ ಕಾಣುತ್ತದೆ. ಸಂಸ್ಥೆ ವಯಸ್ಸನ್ನು ಎಣಿಸಿತು, ಸೇವೆಯ ವರ್ಷಗಳನ್ನು ಎಣಿಸಿತು. ಆ ವರ್ಷಗಳಲ್ಲಿ ಆತ ಏನು ಕಲಿತಿದ್ದ ಎಂಬುದಕ್ಕೆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ.

ಕೆಲಸ ಅಂದರೆ ಏನು

ಲೈನ್‌ಮನ್ ಕೆಲಸ ಅಂದರೆ ಹೊರಗಿನವರ ಕಣ್ಣಿಗೆ ಕಂಬ ಮತ್ತು ಏಣಿ. ಕೆಲಸದ ಹೆಚ್ಚಿನ ಪಾಲು ಇರುವುದು ನೆಲದಡಿಯಲ್ಲಿ.

ಎಕ್ಸ್‌ಚೇಂಜಿನೊಳಗೆ ಎಂ.ಡಿ.ಎಫ್. ಅನ್ನುವ ಕಬ್ಬಿಣದ ಚೌಕಟ್ಟು ಇರುತ್ತದೆ. ಒಂದು ಮಗ್ಗುಲಲ್ಲಿ ಯಂತ್ರದಿಂದ ಬಂದ ತಂತಿಗಳು, ಇನ್ನೊಂದು ಮಗ್ಗುಲಲ್ಲಿ ಊರಿಗೆ ಹೋಗುವ ಕೇಬಲ್ಲಿನ ತುದಿಗಳು. ನಡುವೆ ಜಂಪರ್ ತಂತಿ. ಅಲ್ಲಿಂದ ದಪ್ಪ ಕೇಬಲ್ ಮಣ್ಣಿನೊಳಗೆ ರಸ್ತೆ ಬದಿಯ ಪಿಲ್ಲರ್ ಪೆಟ್ಟಿಗೆಗೆ ಹೋಗುತ್ತದೆ. ಪಿಲ್ಲರಿನಿಂದ ಸಣ್ಣ ಕೇಬಲ್ ಕಂಬದ ಮೇಲಿನ ಡಿ.ಪಿ. ಪೆಟ್ಟಿಗೆಗೆ, ಡಿ.ಪಿ.ಯಿಂದ ಡ್ರಾಪ್ ವೈರ್ ಮನೆಗೆ. ಪ್ರತಿ ಮನೆಗೆ ಒಂದು ಜೋಡಿ ತಂತಿ, ಇವರ ಬಾಯಲ್ಲಿ 'ಪೇರ್'.

ಕೇಬಲ್ ಕತ್ತರಿಸಿ ನೋಡಿದರೆ ಜೆಲ್ಲಿಯಲ್ಲಿ ಅದ್ದಿದ ನೂರಾರು ಕೂದಲೆಳೆಯ ತಂತಿಗಳು. ಯಾವುದು ಯಾರ ಮನೆಯದು? ಅದಕ್ಕೆ ಬಣ್ಣದ ಲೆಕ್ಕ ಇದೆ. ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ ಒಂದು ಸಾಲು. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಇನ್ನೊಂದು ಸಾಲು. ಬಿಳಿ-ನೀಲಿ ಒಂದನೇ ಪೇರ್, ಬಿಳಿ-ಕಿತ್ತಳೆ ಎರಡನೆಯದು, ಕೆಂಪು-ನೀಲಿ ಆರನೆಯದು. ಹೀಗೆ ಐದೈದಲ ಇಪ್ಪತ್ತೈದು ಪೇರ್. ನಾನು ಚಿಕ್ಕವನಿದ್ದಾಗ ಮಾವ ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಈಗಲೂ ಕೇಳಿದರೆ ಹೇಳುತ್ತೇನೆ.

ಸುಮ್ಮನಿರುವ ಲೈನಿನಲ್ಲಿ 48 ವೋಲ್ಟ್ ಇರುತ್ತದೆ, ಒಣಗಿದ ಕೈಗೆ ಗೊತ್ತೂ ಆಗುವುದಿಲ್ಲ. ರಿಂಗ್ ಬರುವಾಗ ಹರಿಯುವುದು 75 ವೋಲ್ಟ್ ಆಸುಪಾಸಿನ ಎ.ಸಿ. ಆಷಾಢದ ಮಳೆಯಲ್ಲಿ ಕಂಬ ಹತ್ತಿ, ಒದ್ದೆ ಕೈಯಲ್ಲಿ ಡಿ.ಪಿ. ಬಿಚ್ಚಿದ ಹೊತ್ತಿಗೇ ಯಾರದೋ ಮನೆಗೆ ಫೋನ್ ಬಂತೆಂದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಬೆಚ್ಚಿ ಕೈಬಿಟ್ಟರೆ ನೇರ ಕೆಳಗೆ.

ಮಳೆಗಾಲದಲ್ಲಿ ಜಾಯಿಂಟಿಗೆ, ಅಂದರೆ ಎರಡು ಕೇಬಲ್ ಸೇರಿಸಿ ಬೆಸೆದ ಜಾಗಕ್ಕೆ, ನೀರು ಹೊಕ್ಕರೆ ಒಮ್ಮೆಗೇ ಐವತ್ತು ಮನೆ ಫೋನು ಸತ್ತುಹೋಗುತ್ತವೆ. ಆಗ ಆ ಜಾಯಿಂಟ್ ಎಲ್ಲಿದೆ ಎಂದು ಗೊತ್ತಿರುವವನೇ ಬೇಕು. ಕಚೇರಿಯಲ್ಲಿ ಕೇಬಲ್ ರೆಕಾರ್ಡ್ ಇರುತ್ತದೆ, ನಕ್ಷೆಯೂ ಇರುತ್ತದೆ. ಆದರೆ ಲೈನ್‌ಮನ್ ಕೆಲಸದ ಗುಣವೇ ಅಂಥದ್ದು: ಮಳೆ ಸುರಿಯುವಾಗ ಹಾಳಾದ ಪೇರ್ ಬಿಟ್ಟು ಪಕ್ಕದ ಒಳ್ಳೆಯ ಪೇರ್‌ಗೆ ಗಂಟು ಹಾಕಿ ಫೋನ್ ಜೀವ ಮಾಡುತ್ತಾರೆ. ಹಾಗೆ ಮೂವತ್ತು ಮಳೆಗಾಲ ಕಳೆದ ಮೇಲೆ ಕಾಗದದ ಮೇಲಿನ ಊರು ಒಂದು, ಮಣ್ಣಿನೊಳಗಿನ ಊರು ಇನ್ನೊಂದು. ಆ ಎರಡನೆಯ ಊರಿನ ನಕ್ಷೆ ಇರುವುದು ನಾಲ್ಕೈದು ಜನರ ತಲೆಯಲ್ಲಿ.

ಇಲಾಖೆಯಿಂದ ಕಂಪನಿಗೆ

ಮಾವ ಕೆಲಸಕ್ಕೆ ಸೇರಿದ್ದು 1985ರಲ್ಲಿ, ದಿನಗೂಲಿ ಮಜ್ದೂರ್ ಆಗಿ. ಕೇಬಲ್ ಹಾಕಲು ಕಾಲುವೆ ತೋಡುವುದು, ಕಂಬ ಹೊರುವುದು. ಅಂಚೆ ಮತ್ತು ತಂತಿ ಇಲಾಖೆ ಎರಡಾಗಿ ದೂರಸಂಪರ್ಕ ಇಲಾಖೆ ಪ್ರತ್ಯೇಕವಾದದ್ದೂ ಅದೇ ವರ್ಷ. ಅದರ ಮರುವರ್ಷ, 1986ರಲ್ಲಿ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ನಮ್ಮದೇ ದೇಶದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಮಲೆನಾಡಿನ ಹಳ್ಳಿಗಳಿಗೆ ಫೋನ್ ಬಂದದ್ದು ಅಂಥ ಪುಟ್ಟ ಎಕ್ಸ್‌ಚೇಂಜುಗಳಿಂದಲೇ. ಮಾವ ತೋಡಿದ ಕಾಲುವೆಗಳು ಅವುಗಳಿಗಾಗಿ.

ದಿನಗೂಲಿಗಳ ಪರವಾಗಿ ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪು ಕೊಟ್ಟಿತು. ಅದರ ಫಲವಾಗಿ 1989ರಲ್ಲಿ ಬಂದ ಯೋಜನೆಯಲ್ಲಿ ಅಂಥವರಿಗೆ ಮೊದಲು ತಾತ್ಕಾಲಿಕ ದರ್ಜೆ, ಆಮೇಲೆ ಕಾಯಂ. ಮಾವ ಕಾಯಂ ಆದದ್ದು 1993ರಲ್ಲಿ. ಅವರ ಮದುವೆಯಾದದ್ದೂ ಆ ಧೈರ್ಯದ ಮೇಲೆಯೇ.

2000ದ ಅಕ್ಟೋಬರ್ 1ರಂದು ಇಲಾಖೆ ಬಿ.ಎಸ್.ಎನ್.ಎಲ್. ಎಂಬ ಕಂಪನಿಯಾಯಿತು. ಅದಕ್ಕೂ ಮೊದಲು ಸೆಪ್ಟೆಂಬರಿನಲ್ಲಿ ನೌಕರರು ದೇಶಾದ್ಯಂತ ಮುಷ್ಕರ ಹೂಡಿ, ಪಿಂಚಣಿಯನ್ನು ಸರ್ಕಾರವೇ ಕೊಡಬೇಕೆಂದು ಪಟ್ಟು ಹಿಡಿದಿದ್ದರು. ಆ ಭರವಸೆ ಕೊಡುವ 37-ಎ ಎಂಬ ನಿಯಮ ಕೇಂದ್ರದ ಪಿಂಚಣಿ ನಿಯಮಗಳಿಗೆ ಸೇರಿದ್ದು ಆಗಲೇ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2019ರಲ್ಲಿ ಅಷ್ಟು ಜನ ಧೈರ್ಯವಾಗಿ ಕೆಲಸ ಬಿಡಲು ಒಪ್ಪಿದ್ದು ಈ ಪಿಂಚಣಿ ಇದ್ದದ್ದರಿಂದ. ಅದಿಲ್ಲದಿದ್ದರೆ ಯೋಜನೆಗೆ ಕಾಲು ಭಾಗ ಜನವೂ ಬರುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಕಂಪನಿ ಆರಂಭದಲ್ಲಿ ಚೆನ್ನಾಗಿಯೇ ನಡೆಯಿತು. 2004-05ರಲ್ಲಿ ಲಾಭ 10,000 ಕೋಟಿ ರೂಪಾಯಿ ದಾಟಿತ್ತು. ಅದರ ಮೊಬೈಲ್ ಸೇವೆಯಾದ ಸೆಲ್‌ಒನ್ ಸಿಮ್ಮಿಗೆ ಜನ ಸರತಿಯಲ್ಲಿ ನಿಂತದ್ದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದಾರೆ. ಆಮೇಲೆ 2009-10ರಲ್ಲಿ ಮೊದಲ ನಷ್ಟ. 2010ರಲ್ಲಿ 3ಜಿ ಮತ್ತು ಬ್ರಾಡ್‌ಬ್ಯಾಂಡ್ ತರಂಗಾಂತರಕ್ಕೆ 18,500 ಕೋಟಿ ಕಟ್ಟಬೇಕಾಯಿತು. ಅದೇ ವರ್ಷ 9.3 ಕೋಟಿ ಮೊಬೈಲ್ ಲೈನುಗಳ ಟೆಂಡರ್ ರದ್ದಾಯಿತು. ಕೈಯಲ್ಲಿದ್ದ ದುಡ್ಡು ಕರಗಿತು, ಟವರ್ ಬೆಳೆಯಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗ ಬಿ.ಎಸ್.ಎನ್.ಎಲ್. ಬಳಿ 4ಜಿ ಇರಲೇ ಇಲ್ಲ. 2018-19ರ ನಷ್ಟ ಸುಮಾರು 15,000 ಕೋಟಿ. 2019ರ ಫೆಬ್ರವರಿ ತಿಂಗಳ ಸಂಬಳ ಮಾರ್ಚ್ ನಡುವಿಗೆ ಹೋಯಿತು. ಸಂಬಳ ತಡವಾಯಿತು ಎಂಬುದೇ ಆಗ ದೇಶದ ಸುದ್ದಿ. ಗುತ್ತಿಗೆ ಕಾರ್ಮಿಕರಿಗೆ ಬಾಕಿ ತಿಂಗಳುಗಟ್ಟಲೆ ಬೆಳೆಯಿತು.

ಸಂಸತ್ತಿನಲ್ಲಿ ಆಗ ಒಂದು ಹೋಲಿಕೆ ಬಂತು: ಬಿ.ಎಸ್.ಎನ್.ಎಲ್. ಆದಾಯದಲ್ಲಿ ಶೇ. 75ರಷ್ಟು ನೌಕರರ ವೆಚ್ಚಕ್ಕೇ ಹೋಗುತ್ತದೆ, ಖಾಸಗಿ ಕಂಪನಿಗಳಲ್ಲಿ ಅದು ಶೇ. 3ರಿಂದ 6ರೊಳಗೆ. ಅಂಕಿ ಸರಿ. ಆದರೆ ಖಾಸಗಿಯವರ ಟವರ್ ಕಾಯುವವರು, ಫೈಬರ್ ಎಳೆಯುವವರು, ಗ್ರಾಹಕರ ಕರೆಗೆ ಉತ್ತರ ಕೊಡುವವರು ಬಹುತೇಕ ಬೇರೆ ಬೇರೆ ಗುತ್ತಿಗೆದಾರರ ಬಳಿ ದುಡಿಯುವವರು. ಅವರ ಕೂಲಿ 'ನೌಕರರ ವೆಚ್ಚ'ದ ಕಲಮಿಗೆ ಬರುವುದಿಲ್ಲ. ಕಂಬ ಹತ್ತುವವನು ಎರಡೂ ಕಡೆ ಇದ್ದಾನೆ, ಒಂದು ಕಡೆ ಮಾತ್ರ ಲೆಕ್ಕದಲ್ಲಿ ಕಾಣುತ್ತಾನೆ. ಇದನ್ನು ಹೇಳದೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವುದು ನ್ಯಾಯವಲ್ಲ.

ಒಂದು ತಿಂಗಳು

2019ರ ಅಕ್ಟೋಬರ್ 23ರಂದು ಕೇಂದ್ರ ಸಂಪುಟ ಸುಮಾರು 69,000 ಕೋಟಿಯ ಪುನಶ್ಚೇತನ ಯೋಜನೆಗೆ ಒಪ್ಪಿತು. ಅದರೊಳಗೆ 4ಜಿ ತರಂಗಾಂತರ, ಎಂ.ಟಿ.ಎನ್.ಎಲ್. ವಿಲೀನ, ಆಸ್ತಿ ಮಾರಾಟ, ಸ್ವಯಂ ನಿವೃತ್ತಿ ಎಲ್ಲ ಇದ್ದವು. ನಿವೃತ್ತಿಯ ಆಯ್ಕೆಗೆ ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ ಕಾಲ. 50 ತುಂಬಿದ ಕಾಯಂ ನೌಕರರೆಲ್ಲ ಅರ್ಹರು. ಗುಜರಾತ್ ಮಾದರಿ ಎಂದು ಹೆಸರಾದ ಸೂತ್ರ: ಪೂರೈಸಿದ ಪ್ರತಿ ವರ್ಷದ ಸೇವೆಗೆ 35 ದಿನದ ಸಂಬಳ, ಉಳಿದಿರುವ ಪ್ರತಿ ವರ್ಷಕ್ಕೆ 25 ದಿನದ ಸಂಬಳ. ಸಂಬಳ ಅಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ.

ಮಾವನ ಲೆಕ್ಕ ಊಟದ ಮೇಜಿನ ಮೇಲೆ, ಕ್ಯಾಲೆಂಡರಿನ ಹಿಂಬದಿಯಲ್ಲಿ ಆಯಿತು. 1993ರಿಂದ 26 ಪೂರ್ಣ ವರ್ಷ, 35ರಿಂದ ಗುಣಿಸಿದರೆ 910 ದಿನ. ಉಳಿದ ಸೇವೆಯಲ್ಲಿ ಪೂರ್ಣ ವರ್ಷ 5, ಅದಕ್ಕೆ 125. ಒಟ್ಟು 1,035 ದಿನದ ಸಂಬಳ, ಜೊತೆಗೆ ಮಾರನೆಯ ತಿಂಗಳಿಂದಲೇ ಪಿಂಚಣಿ.

ಈ ಉಳಿದ ಸೇವೆಯ ಲೆಕ್ಕದಲ್ಲಿ ಒಂದು ಮಾತಿದೆ. ಮಾವನ ದಾಖಲೆಯ ಜನ್ಮ ದಿನಾಂಕ 1965ರ ಜೂನ್ 1. ನಮ್ಮ ಕಡೆ ಆ ತಲೆಮಾರಿನ ಅರ್ಧ ಊರಿನ ಹುಟ್ಟಿದ ದಿನ ಜೂನ್ ಒಂದೇ ತಾರೀಖು. ಶಾಲೆ ಶುರುವಾಗುವ ದಿನ ಮೇಷ್ಟ್ರು ಬರೆದುಕೊಂಡದ್ದು. ತಿಂಗಳ ಒಂದನೇ ತಾರೀಖಿನಂದು ಹುಟ್ಟಿದವರಿಗೆ ನಿವೃತ್ತಿ ಹಿಂದಿನ ತಿಂಗಳ ಕೊನೆಯ ದಿನ. ಅಂದರೆ ಮಾವ 2025ರ ಮೇ 31ಕ್ಕೆ ನಿವೃತ್ತರಾಗಬೇಕಿತ್ತು. ಅವರು ನಿಜವಾಗಿ ಹುಟ್ಟಿದ್ದು ಒಂದು ದೊಡ್ಡ ಮಳೆಯ ಶ್ರಾವಣದಲ್ಲಿ ಎಂದು ಅಜ್ಜಿ ಹೇಳುತ್ತಿದ್ದರು. ಯಾವ ವರ್ಷದ ಶ್ರಾವಣ ಎಂದು ಅಜ್ಜಿಗೂ ಖಚಿತವಿರಲಿಲ್ಲ. ಮೇಷ್ಟ್ರ ಆ ಒಂದು ಗೆರೆ ಇಡೀ ಬದುಕಿನ ಲೆಕ್ಕಕ್ಕೆ ಬುನಾದಿಯಾಗಿತ್ತು.

ಆ ತಿಂಗಳು ಕಚೇರಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ನಿವೃತ್ತಿ ವಯಸ್ಸನ್ನು 60ರಿಂದ 58ಕ್ಕೆ ಇಳಿಸುತ್ತಾರೆ, ಉಳಿದವರನ್ನು ದೂರದ ಊರಿಗೆ ಹಾಕುತ್ತಾರೆ ಎಂಬ ಗಾಳಿಮಾತು ಹಬ್ಬಿತ್ತು. ಆಯ್ಕೆ ಆನ್‌ಲೈನ್‌ನಲ್ಲಿ. ಒಮ್ಮೆ ಒತ್ತಿದರೂ ಕೊನೆಯ ದಿನದವರೆಗೆ ಹಿಂತೆಗೆದುಕೊಳ್ಳಬಹುದಿತ್ತು. ಹಾಗಾಗಿ ಒತ್ತಿದವರಿಗೂ ನೆಮ್ಮದಿ ಇರಲಿಲ್ಲ.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಮನೇಲಿ ಕೂತ್ರೆ ನಿಮ್ಗೆ ಹೊತ್ತು ಹೋಗುತ್ತಾ?"

ಮಾವ ಹೇಳಿದರು, "ಮಂಡಿ ಏಣಿ ಹತ್ತಕ್ಕೆ ಬಿಡಲ್ಲ ಕಣೆ. ಮಗಳ ಮದುವೆ ಇದೆ, ಮನೆ ಸಾಲ ಇದೆ. ಸರ್ಕಾರ ಕೊಡ್ತೀನಿ ಅಂದಾಗ ಇಸ್ಕೊಂಡ್ಬಿಡೋದು ಒಳ್ಳೇದು."

ಇದು ತೂಗಿ ನೋಡಿ ತೆಗೆದುಕೊಂಡ ತೀರ್ಮಾನ, ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಮನೆ ಸಾಲ ತೀರಿತು, ಮದುವೆ ನಡೆಯಿತು. ಕೆಲಸ ಬಿಟ್ಟವರನ್ನು ಸಂಸ್ಥೆಗೆ ಬೆನ್ನು ತೋರಿಸಿದವರು ಎಂದು ಕೆಲವರು ಮಾತಾಡಿದ್ದನ್ನು ಕೇಳಿದ್ದೇನೆ. ಆ ಮಾತು ನನಗೆ ಈಗಲೂ ನೋವು ತರುತ್ತದೆ. ಐವತ್ತು ದಾಟಿದವರನ್ನು ಹೋಗಿ ಎಂದು ಕರೆದು ಹೇಳಿದ್ದು ಯೋಜನೆಯೇ.

ಹಲಸಿನ ಮರದ ಬುಡ

ಎರಡು ತಿಂಗಳೊಳಗೆ ಲಾಕ್‌ಡೌನ್ ಬಂತು. ಬೆಂಗಳೂರಿನಲ್ಲಿದ್ದ ಹುಡುಗ ಹುಡುಗಿಯರೆಲ್ಲ ಲ್ಯಾಪ್‌ಟಾಪ್ ಹಿಡಿದು ಮಲೆನಾಡಿನ ಮನೆಗಳಿಗೆ ಬಂದರು. ಎಲ್ಲರಿಗೂ ಇಂಟರ್ನೆಟ್ ಬೇಕು. ಲೈನ್ ನೋಡಿಕೊಳ್ಳುವ ಕೆಲಸ ಆಗಲೇ ಗುತ್ತಿಗೆಗೆ ಹೋಗಿತ್ತು, ಮನೆಗೆ ಫೈಬರ್ ಎಳೆಯುವುದನ್ನು ಸ್ಥಳೀಯ ಪಾಲುದಾರರು ಆದಾಯ ಹಂಚಿಕೆಯ ಮೇಲೆ ಮಾಡುತ್ತಿದ್ದರು. ದುಡಿಯುವವರು ಇಪ್ಪತ್ತು ಇಪ್ಪತ್ತೆರಡರ ಹುಡುಗರು. ಚುರುಕಾಗಿದ್ದರು, ಫೈಬರ್ ಸ್ಪ್ಲೈಸ್ ಮಾಡುವುದು, ಅಂದರೆ ಎಳೆಗಳನ್ನು ಬೆಸೆಯುವುದು, ಬಲ್ಲರು.

2021ರ ಮಳೆಗಾಲದ ಒಂದು ಬೆಳಿಗ್ಗೆ ಅಂಥ ಒಬ್ಬ ಹುಡುಗ ಮಾವನ ಮನೆ ಬಾಗಿಲಿಗೆ ಬಂದ. ರಸ್ತೆ ಅಗಲ ಮಾಡುವ ಜೆ.ಸಿ.ಬಿ. ಎಲ್ಲೋ ಕೇಬಲ್ ಎಳೆದಿತ್ತು. ಕೇಬಲ್ ದಾರಿ ತೋರಿಸುವ ಗುರುತಿನ ಕಲ್ಲುಗಳೂ ಅದರ ಜೊತೆಗೇ ಕಿತ್ತುಹೋಗಿದ್ದವು. ಹುಡುಗ ಬೆಳಿಗ್ಗೆಯಿಂದ ಮೂರು ಕಡೆ ಗುಂಡಿ ತೋಡಿ ಸೋತಿದ್ದ.

"ಅಂಕಲ್, ಜಾಯಿಂಟ್ ಎಲ್ಲಿದೆ ಅಂತ ನಿಮ್ಗೇ ಗೊತ್ತಂತೆ" ಅಂದ.

ಮಾವ ಪಂಚೆ ಎತ್ತಿ ಕಟ್ಟಿ ಕೊಡೆ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಹೊಸ ರಸ್ತೆಯಲ್ಲಿ ಹಳೆಯ ಗುರುತು ಒಂದೂ ಉಳಿದಿರಲಿಲ್ಲ. ಅವರು ಸುತ್ತ ನೋಡಲಿಲ್ಲ, ನೇರವಾಗಿ ಒಂದು ಬೇಲಿಯಾಚೆಯ ಹಲಸಿನ ಮರ ನೋಡಿದರು. ಅದರ ಎದುರು ನಿಂತು ಮೋರಿಯ ಕಡೆಗೆ ಹನ್ನೊಂದು ಹೆಜ್ಜೆ ಹಾಕಿದರು. ಕೊಡೆಯ ಮೊನೆಯಿಂದ ಕೆಸರಿನ ಮೇಲೆ ಗೀಟು ಎಳೆದರು.

"ಇಲ್ಲಿ ತೋಡು. ಗುದ್ದಲಿ ಜೋರಾಗಿ ಹಾಕಬೇಡ, ಕೆಳಗೆ ಇಟ್ಟಿಗೆ ಸಾಲು ಸಿಗುತ್ತೆ. ಸಿಕ್ಕಿದ್ಮೇಲೆ ಕೈಯಲ್ಲಿ ಮಣ್ಣು ತೆಗಿ."

ಮೊಣಕಾಲಿನಷ್ಟು ಆಳಕ್ಕೆ ಹೋದಾಗ ಇಟ್ಟಿಗೆ ತಾಕಿತು. ಅದರ ಕೆಳಗೆ ಕಪ್ಪು ತೋಳಿನ ಹಾಗೆ ಜಾಯಿಂಟ್. ಹುಡುಗ ಮಾತಾಡದೆ ಅವರ ಮುಖ ನೋಡಿದ. ಮಾವ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ತೊಂಬತ್ತೇಳರಲ್ಲಿ ಈ ಜಾಯಿಂಟ್ ಹಾಕಿದಾಗ ಮೂರು ದಿನ ಮಳೆಯಲ್ಲಿ ತಾಡಪಾಲು ಹಿಡಿದು ನಿಂತವರ ಹೆಸರನ್ನೆಲ್ಲ ಹೇಳಿದರು. ಇಬ್ಬರು ತೀರಿಕೊಂಡಿದ್ದರು, ಉಳಿದವರು ಅದೇ ಶುಕ್ರವಾರ ಹೊರಟವರು.

ಆ ವರ್ಷ ಆ ಹುಡುಗ ಇನ್ನೂ ಆರೇಳು ಸಲ ಬಂದ. ಆಮೇಲೆ ಬರುವಾಗ ಒಂದು ನೋಟ್‌ಬುಕ್ ತರತೊಡಗಿದ. ಮಾವ ಹೇಳಿದ್ದನ್ನು ಬರೆದುಕೊಂಡು, ಮೊಬೈಲಿನಲ್ಲಿ ಆ ಜಾಗದ ಗುರುತು ಹಾಕಿಕೊಳ್ಳುತ್ತಿದ್ದ. ಅವನಿಗೆ ಹಾಗೆ ಮಾಡು ಎಂದು ಹೇಳಿದವರು ಯಾರೂ ಇರಲಿಲ್ಲ.

ಲೆಕ್ಕಕ್ಕೆ ಬಂದದ್ದು, ಬಾರದ್ದು

ಸಂಬಳದ ಬಾಬ್ತಿನಲ್ಲಿ ಯೋಜನೆ ತಾನು ಹೇಳಿದ್ದನ್ನು ಮಾಡಿತು. ಸಂಸ್ಥೆಯ ಸಂಬಳದ ಹೊರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 2020-21ರಿಂದ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲೆಕ್ಕದಲ್ಲಿ ಬಿ.ಎಸ್.ಎನ್.ಎಲ್. ಲಾಭಕ್ಕೆ ಬಂತು. 2022ರಲ್ಲಿ 1.64 ಲಕ್ಷ ಕೋಟಿಯ ಇನ್ನೊಂದು ಯೋಜನೆ, 2023ರಲ್ಲಿ 89,000 ಕೋಟಿಯ ಮತ್ತೊಂದು ಬಂದವು. 2024-25ರ ಮೂರನೇ ತ್ರೈಮಾಸಿಕದಲ್ಲಿ 262 ಕೋಟಿ ಲಾಭ ತೋರಿಸಿದಾಗ, ಬಿಟ್ಟು ಬಂದವರೂ ತಮ್ಮ ತಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅದನ್ನು ಹಂಚಿಕೊಂಡು ಸಂಭ್ರಮಿಸಿದರು. ಮಾವ ನನಗೂ ಕಳಿಸಿದ್ದರು.

ನನ್ನ ತಕರಾರು ಇರುವುದು ಅರ್ಹತೆಯ ಒಂದೇ ಗೆರೆಯ ಬಗ್ಗೆ: 50 ತುಂಬಿರಬೇಕು. ಕೌಂಟರಿನಲ್ಲಿ ಬಿಲ್ ತೆಗೆದುಕೊಳ್ಳುವವರಿಗೂ ಕೇಬಲ್ ಜಾಯಿಂಟ್ ಹಾಕುವವರಿಗೂ ಅದೇ ಗೆರೆ. ಇಬ್ಬರ ಕೆಲಸಕ್ಕೂ ಸಮಾನ ಗೌರವವಿದೆ, ಆದರೆ ಬಿಲ್ಲಿನ ಲೆಕ್ಕ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಹಲಸಿನ ಮರದಿಂದ ಹನ್ನೊಂದು ಹೆಜ್ಜೆ ಎಂಬುದು ಎಲ್ಲೂ ಉಳಿಯುವುದಿಲ್ಲ. ಮೂವತ್ತು ವರ್ಷ ನೇಮಕಾತಿ ತೀರ ಕಡಿಮೆಯಾಗಿದ್ದ ವರ್ಗದಲ್ಲಿ ಬಹುತೇಕ ಎಲ್ಲರೂ ಐವತ್ತು ದಾಟಿದವರೇ. ಗೆರೆ ಎಳೆದ ಕೂಡಲೇ ಆ ವರ್ಗವೇ ಖಾಲಿಯಾಗುವುದು ಮೊದಲೇ ಕಾಣುವಂತಿತ್ತು. ಹೊರಭಾಗದ ಕೆಲಸದವರನ್ನು ಎರಡು ಮೂರು ಹಂತದಲ್ಲಿ ಬಿಡಬಹುದಿತ್ತು. ಆಯ್ಕೆ ಮುಗಿದ ಡಿಸೆಂಬರ್ 3ರಿಂದ ಹೊರಟ ಜನವರಿ 31ರವರೆಗೆ ಸುಮಾರು ಎರಡು ತಿಂಗಳಿತ್ತು. ಒಬ್ಬೊಬ್ಬ ಟೆಕ್ನೀಷಿಯನ್ ಜೊತೆ ಒಬ್ಬ ಹುಡುಗನನ್ನು ಮೊಬೈಲ್ ಕೊಟ್ಟು ಓಡಾಡಿಸಿದ್ದರೆ ಊರೂರಿನ ನೆಲದ ನಕ್ಷೆ ಕೈಗೆ ಬರುತ್ತಿತ್ತು. ನೋಟ್‌ಬುಕ್ ತಂದ ಆ ಹುಡುಗ ಒಬ್ಬನೇ ಒಂದು ವರ್ಷದಲ್ಲಿ ಮಾಡಿದ್ದು ಅದನ್ನೇ.

ತಾಮ್ರದ ಕಾಲ ಮುಗಿಯಿತು, ಹಳೆಯ ಜಾಯಿಂಟ್ ಗೊತ್ತಿದ್ದು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಫೈಬರ್ ಎಳೆಯುವುದೂ ಅದೇ ರಸ್ತೆಗಳ ಬದಿಯಲ್ಲೇ. ಯಾವ ಮೋರಿಯ ಕೆಳಗೆ ಪೈಪ್ ಇದೆ, ಯಾವ ತೋಟದವರು ಕಂಬಕ್ಕೆ ಜಾಗ ಕೊಡುತ್ತಾರೆ, ಎಲ್ಲಿ ಗುಡ್ಡ ಜರಿಯುತ್ತದೆ ಎಂಬುದು ತಾಮ್ರದ ತಂತಿಗೂ ಗಾಜಿನ ಫೈಬರಿಗೂ ಒಂದೇ.

ಉಳಿದವರ ಕಥೆ ಬೇರೆಯೇ ಬರೆಯಬೇಕು. ಐದು ಜನ ಮಾಡುತ್ತಿದ್ದ ಕೆಲಸ ಇಬ್ಬರ ತಲೆಗೆ ಬಂದಾಗ ಅವರು ದೂರಿಗಿಂತ ಹೆಚ್ಚಾಗಿ ದುಡಿದರು. ಅಂಥವರ ಬಗ್ಗೆ ನನಗಿರುವುದು ಗೌರವವೊಂದೇ.

ಮಾವನ ಮೂಲ ನಿವೃತ್ತಿ ದಿನ, 2025ರ ಮೇ 31, ಮನೆಯಲ್ಲಿ ಯಾರಿಗೂ ನೆನಪಾಗದೆ ಕಳೆಯಿತು. ಅದೇ ವರ್ಷ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡಾದಲ್ಲಿ ಬಿ.ಎಸ್.ಎನ್.ಎಲ್.ನ ಸ್ವದೇಶಿ 4ಜಿ ಜಾಲದ ಲೋಕಾರ್ಪಣೆ ನಡೆಯಿತು. ಸಿ-ಡಾಟ್‌ನ ಕೆಲಸ ಅದರಲ್ಲಿತ್ತು, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ಉಪಕರಣಗಳೂ ಇದ್ದವು. ಟಿ.ವಿ.ಯಲ್ಲಿ 97,500 ಟವರ್ ಎಂದಾಗ ಮಾವ ದನಿ ಜಾಸ್ತಿ ಮಾಡಿದರು. ನಮ್ಮೂರ ಗುಡ್ಡದ ಟವರ್‌ಗೂ 4ಜಿ ಬಂದಿದೆ ಎಂದು ನಾನು ಹೇಳಿದೆ. ಅವರು ಕೇಳಿದ್ದು ಇಷ್ಟು: "ಫೈಬರ್ ಯಾವ ಕಡೆಯಿಂದ ಎಳ್ದಿದಾರೆ? ಕೆರೆ ಏರಿ ಮೇಲಿಂದ ಆದ್ರೆ ಮುಂದಿನ ಮಳೆಗೆ ನಿಲ್ಲಲ್ಲ, ಹೇಳು ಅವ್ರಿಗೆ."